ಎಮ್ಮೆಯ ಬಾಲ ಮತ್ತು ಸರ್ವಹಕ್ಕುಗಳು

ಮಂಗಳೂರು, ತಾಲೂಕು ಯಲಬುರ್ಗಾ
೧೨ ಜೂನ್ ೧೯೪೧

ಪೂಜ್ಯ ವಕೀಲ ಉಮಾಪತಿಯವರಿಗೆ ಆದೆಪ್ಪನ ಶರಣು.

ತಮಗೆ ನನ್ನ ಗುರುತಿಲ್ಲ. ಇದು ಸಮುದ್ರದ ದಂಡೆಯ ಮಂಗಳೂರಲ್ಲ, ಎರೆಹೊಲದ ಮಂಗಳೂರು. ಇಲ್ಲಿಯ ಕೇರಿಯಲ್ಲಿ ಬೇವಿನ ಗಿಡದ ಕೆಳಗೆ ಒಂದು ಖಾಸಗಿ ಸಾಲೆ ನಡೆಸುತ್ತೇನೆ. ನಿಜಾಮರ ಸರಕಾರಿ ಸಾಲೆಯಲ್ಲಿ ಕಲಿಸುವುದು ಉರ್ದು, ಅದನ್ನು ಕಲಿಯುತ್ತೇವೆಂದರೂ ನಮ್ಮ ಮಕ್ಕಳನ್ನು ಜಗಲಿ ಹತ್ತಗೊಡುವುದಿಲ್ಲ.

ಹೋದ ಚಳಿಗಾಲ ಕೊಪ್ಪಳದ ಕನ್ನಡ ಸಭೆಯಲ್ಲಿ ತಮ್ಮ ಭಾಷಣ ಕೇಳಿದೆ. ಚಪ್ಪರದೊಳಗೆ ನಮಗೆ ಜಾಗವಿರಲಿಲ್ಲ. ಗಾಡಿ ಬಿಟ್ಟ ಕಡೆ ಎತ್ತುಗಳ ನಡುವೆ ನಿಂತು ಕೇಳಿದೆ. "ಕನ್ನಡದ ಪುಸ್ತಕ ಗುಡಿಸಲು ಗುಡಿಸಲಿಗೆ ಹೋಗಬೇಕು. ಹೋಗದಿದ್ದರೆ ನಾವು ಹೊತ್ತು ಒಯ್ಯಬೇಕು" ಎಂದಿರಿ. ನನ್ನ ಮೈ ಜುಮ್ಮೆಂದಿತು. ಅಲ್ಲೇ ಮಾರುತ್ತಿದ್ದ ತಮ್ಮ ಬಾಲರ ವಾಚನ ಪುಸ್ತಕವನ್ನು ಕೊಂಡು ತಂದೆ. ಒಂದೇ ಕೊಳ್ಳಲಿಕ್ಕಾಯಿತು.

ಒಂದು ಪುಸ್ತಕ, ಸಾಲೆ ತುಂಬ ಮಕ್ಕಳು. ಹಾಗಾಗಿ ಬರೆದುಕೊಳ್ಳುತ್ತೇವೆ. ನಾನು ಓದುತ್ತೇನೆ, ಮಕ್ಕಳು ಮೊದಲು ಮಳಲಿನ ಮೇಲೆ ಬರೆಯುತ್ತಾರೆ. ಮಳಲಿನ ಮೇಲೆ ತಪ್ಪಿಲ್ಲದೆ ಬಂದವರಿಗೆ ಮಾತ್ರ ಕಾಗದ. ಕಾಗದವೆಂದರೆ ಅಂಗಡಿಯ ಪೊಟ್ಟಣ ಬಿಚ್ಚಿದ್ದು. ಮಸಿಯೆಂದರೆ ರೊಟ್ಟಿ ಹಂಚಿನ ಕರಿ ಅರೆದದ್ದು. ನಾನು ಅಕ್ಷರ ಕಲಿತದ್ದು ನಮ್ಮ ಊರ ಮಠದ ಅಯ್ಯನವರು ಅಂಗಳದಲ್ಲಿ ಕೂತು ಪುರಾಣ ನಕಲು ಮಾಡುವುದನ್ನು ಗೋಡೆಯಾಚೆಯಿಂದ ನೋಡಿ. ಅವರು ಮುಗಿಸಿದ ಮೇಲೆ ತಮ್ಮ ಹೆಸರು, ಊರು, ತಿಥಿ ಹಾಕುತ್ತಿದ್ದರು. ನಮ್ಮ ಮಕ್ಕಳಿಗೂ ಅದೇ ಕ್ರಮ ಕಲಿಸಿದ್ದೇನೆ.

ಎಲ್ಲರಿಗಿಂತ ಚೆಂದ ಬರೆದವಳು ಫಕೀರಮ್ಮ. ಹತ್ತು ಹನ್ನೊಂದರ ಹುಡುಗಿ, ಎಮ್ಮೆ ಕಾಯುತ್ತಾಳೆ. ಅವಳ ಪ್ರತಿಯನ್ನು ತಮಗೆ ಕಾಣಿಕೆಯಾಗಿ ಕಳಿಸಿದ್ದೇನೆ. ಅವಳು ಮತ್ತೊಂದು ಬರೆದುಕೊಳ್ಳುತ್ತಾಳೆ. ಕೊನೆಯ ಹಾಳೆ ನೋಡಿರಿ: "ಮಂಗಳೂರು ಕೇರಿಯ ಫಕೀರಮ್ಮನ ಕೈಬರಹ. ತಪ್ಪಿದ್ದರೆ ತಿದ್ದಿ ಓದಿರಿ."

ಸಂಕ್ರಾಂತಿಯ ಹೊತ್ತಿಗೆ ವಿದ್ಯಾ ಇಲಾಖೆಯ ತಾಲೀಮಾತ್ ಕಚೇರಿಯ ಸಾಹೇಬರು ತಪಾಸಣೆಗೆ ಬರುತ್ತಾರೆ. ಪ್ರತಿ ಮಗುವಿನ ಕೈಯಲ್ಲಿ ಪುಸ್ತಕವಿದ್ದರೆ ಸಾಲೆಗೆ ಪರವಾನಗಿ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ನಮಗೆ ಬಾಗಿಲೂ ಇಲ್ಲ, ಆ ಮಾತು ಬೇರೆ. ತಮ್ಮ ಪುಸ್ತಕದಿಂದ ಈ ಸಾಲೆ ಉಳಿಯುತ್ತದೆ.

ತಮ್ಮ ಆದೆಪ್ಪ


ಗಂಗಾವತಿ
೩ ಜುಲೈ ೧೯೪೧

ಚಿ. ಆದೆಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಹರಿಜನ ಮಕ್ಕಳಲ್ಲಿ ಕನ್ನಡದ ಅಭಿಮಾನ ಹುಟ್ಟಿದ್ದು ಕಂಡು ಹೃದಯ ತುಂಬಿ ಬಂತು. ಆ ಹುಡುಗಿಯ ಅಕ್ಷರಗಳು ದುಂಡಗಿವೆ. ನಮ್ಮ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮ ತಾಯಿಯವರು ಕೈಯಲ್ಲಿ ಹಿಡಿಯಲಿಲ್ಲ, ದೂರದಿಂದಲೇ ನೋಡಿ ಮೆಚ್ಚಿದರು.

ಒಂದು ಮಾತು. ಪುಸ್ತಕದ ಮೊದಲ ಪುಟದಲ್ಲಿ "ಸರ್ವಹಕ್ಕುಗಳು ಗ್ರಂಥಕರ್ತರವು" ಎಂದು ಅಚ್ಚಾಗಿದೆ. ನೋಡಿರಬೇಕು. ಹುಡುಗಿಯ ಪ್ರತಿಯಲ್ಲಿ ಆ ಪುಟವೂ ಇಲ್ಲ, ನನ್ನ ಹೆಸರೂ ಇಲ್ಲ. ಚಿಂತೆ ಬೇಡ, ಸುಮ್ಮನೆ ಹೇಳಿದೆ.

ಇಂಥ ಪ್ರತಿಗಳು ಎಷ್ಟಾಗಿವೆ? ಬೇರೆ ಊರಿನವರು ಒಯ್ದಿದ್ದಾರೆಯೆ? ಯಾರಾದರೂ ಕೊಳ್ಳಲು ಕೇಳಿದರೆ? ನಿನ್ನ ಸಾಲೆಯ ಕೆಲಸದಲ್ಲಿ ನನಗೆ ಆಸಕ್ತಿ ಇದೆ. ಯಾವುದನ್ನೂ ಬಿಡದೆ ವಿವರವಾಗಿ ಬರೆ.

ಉಮಾಪತಿ


ಮಂಗಳೂರು
೨೦ ಆಗಸ್ಟ್ ೧೯೪೧

ಪೂಜ್ಯರಿಗೆ ಶರಣು.

ತಮ್ಮಂಥ ದೊಡ್ಡವರು ನಮ್ಮ ಸಾಲೆಯ ಬಗ್ಗೆ ಇಷ್ಟು ಕೇಳುತ್ತೀರಲ್ಲ! ಕಾಗದವನ್ನು ಮಕ್ಕಳಿಗೆ ಓದಿ ಹೇಳಿದೆ. "ತಾಯಿಯವರು ದೂರದಿಂದಲೇ" ಎಂಬ ಸಾಲು ಬಿಟ್ಟು.

ಹೆಸರಿನದು ನಮ್ಮ ತಪ್ಪು. ಪುರಾಣದ ನಕಲಿಗೆ ಹೆಸರು ಹಾಕುವ ಮೊದಲ ಪುಟ ಎಂಬುದೇ ಇರುವುದಿಲ್ಲ, ಪಾಠದಿಂದಲೇ ಶುರು. ಆ ರೂಢಿಯಲ್ಲಿ ತಮ್ಮ ಹೆಸರು ಬಿಟ್ಟುಹೋಯಿತು. ಈಗ ಎಲ್ಲ ಪ್ರತಿಗಳ ಮೇಲೂ ದಪ್ಪಕ್ಷರದಲ್ಲಿ "ಉಮಾಪತಿ ವಕೀಲರು, ಗಂಗಾವತಿ, ಇವರು ರಚಿಸಿದ್ದು" ಎಂದು ಬರೆಸಿದ್ದೇನೆ.

ಪ್ರತಿಗಳು ಮಗುವಿಗೊಂದರಂತೆ ಆಗುತ್ತಿವೆ. ಕುಷ್ಟಗಿಯ ಮಾಸ್ತರರೊಬ್ಬರು ಎರಡು ಪಾಠ ಬರೆದುಕೊಂಡು ಹೋದರು. ಯಲಬುರ್ಗಾದ ಅಂಗಡಿಕಾರ ಅಂದಪ್ಪ ಬಂದು, "ಮಾಸ್ತರ, ಒಂದು ಛಲೋ ಪ್ರತಿ ಕೊಡು, ಕಲ್ಲಚ್ಚು ಹಾಕಿಸ್ತೀನಿ. ಅರ್ಧ ಕಿಮ್ಮತ್ತಿಗೆ ಮಾರೂಣು, ನಿನಗೂ ಪಾಲು" ಎಂದ. "ಓದಾಕ ಬರ್ಕೊಳ್ಳೂದು ಬ್ಯಾರೆ, ಮಾರಾಕ ಅಚ್ಚು ಹಾಕೂದು ಬ್ಯಾರೆ. ವಕೀಲರ ಅನ್ನಕ್ಕ ಮಣ್ಣು ಹಾಕ್ತೀಯೇನಲೆ?" ಎಂದು ಬೈದು ಓಡಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಇನ್ನೊಂದು ಖುಷಿಯ ಸುದ್ದಿ. ಒಂಬತ್ತನೆಯ ಪಾಠ "ಕೃತಜ್ಞ ಎಮ್ಮೆ" ಓದಿ ಬರೆಸುತ್ತಿದ್ದೆ. ನನ್ನವ್ವ ದುರಗಮ್ಮ ಕಸ ಹೊಡೆಯುವುದನ್ನು ಬಿಟ್ಟು ನಿಂತಳು. "ಎಲಾ ಇವನ! ಇದು ನನ್ನ ಎಮ್ಮಿ ಕಥಿ ಅಲ್ಲೇನೋ? ಪುಸ್ತಕದಾಗ ಹೋಗಿ ಜಳಕ ಮಾಡಿ ಈಬತ್ತಿ ಹಚ್ಕೊಂಡು ಬಂದೈತಲ್ಲೋ!" ಎಂದಳು. ಅವ್ವ ಪ್ರತಿ ಸುಗ್ಗಿಗೆ ಮರಳಿ ಊರಿನಲ್ಲಿರುವ ತಮ್ಮ ಮನೆತನದ ಗದ್ದೆಗೆ ಭತ್ತ ಕೊಯ್ಯಲು ಬರುತ್ತಿದ್ದಳು. ಕಣದಲ್ಲಿ ಈ ಕಥೆ ಹೇಳುತ್ತಿದ್ದಳಂತೆ, ಸಣ್ಣ ಧಣಿಗಳೊಬ್ಬರು ಹುಲ್ಲಿನ ಬಣವಿಗೆ ಒರಗಿ ಕೇಳುತ್ತಿದ್ದರಂತೆ. ಅದು ತಾವೇ ಏನು?

ಅವ್ವನ ಕಥೆಯಲ್ಲಿ ಬಾವಿ ಮುಟ್ಟಬಾರದ ಹೆಣ್ಣು ದಂಡೆಯ ಮೇಲೆ ಬಾಯಾರಿ ನಿಲ್ಲುತ್ತಾಳೆ. ಅವಳು ಕಾಯುವ ಎಮ್ಮೆ ಮೆಟ್ಟಿಲ ಬಾವಿಗಿಳಿದು ನೀರು ಕುಡಿದು ಬರುತ್ತದೆ. ಅದರ ತೊಯ್ದ ಬಾಲವನ್ನು ಬಾಯಿಗೆ ಹಿಂಡಿಕೊಂಡು, "ಎಮ್ಮೀ, ಈ ಊರಾಗ ನನ್ನ ಕೈಗಿಂತ ನಿನ್ನ ಬಾಲ ಮಡಿ" ಎನ್ನುತ್ತಾಳೆ. ತಮ್ಮ ಪಾಠದಲ್ಲಿ ಬಾವಿ ಬರೇ ಆಳವಾಗಿದೆ, ಎಮ್ಮೆ ಹುಲ್ಲು ಹಾಕಿದ ಒಡತಿಯ ಋಣ ತೀರಿಸುತ್ತದೆ, ಕೊನೆಗೆ "ಮಕ್ಕಳೇ, ಉಂಡ ಮನೆಗೆ ಕೃತಜ್ಞರಾಗಿರಿ" ಎಂದಿದೆ. ಹಾಗೇಕೆ ಬದಲಿಸಿದಿರಿ ಎಂದು ಮಕ್ಕಳು ಕೇಳಿದರು. ತಮ್ಮನ್ನೇ ಕೇಳಿ ಹೇಳುತ್ತೇನೆ ಎಂದಿದ್ದೇನೆ. ಹೇಗಿದ್ದರೂ ನನ್ನವ್ವನ ಕಥೆ ಅಚ್ಚಿನಲ್ಲಿ ಬಂದದ್ದು ಕೇರಿಗೆಲ್ಲ ಹಬ್ಬವಾಗಿದೆ.

ತಮ್ಮ ಆದೆಪ್ಪ


ಗಂಗಾವತಿ
೯ ಅಕ್ಟೋಬರ್ ೧೯೪೧

ಆದೆಪ್ಪ ಬಿನ್ ದುರಗಮ್ಮ, ಮಂಗಳೂರು, ಇವರಿಗೆ—

ನಿಮ್ಮ ಆಗಸ್ಟ್ ತಿಂಗಳ ಕಾಗದದ ಒಳದನಿ ನನಗೆ ತಿಳಿಯದೆ ಇಲ್ಲ. ಹೆದರಿಸಿ ಬಾಯಿ ಮುಚ್ಚಿಸಬಹುದು ಎಂದು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಕಣದಲ್ಲಿ ಕೂಲಿಯವರು ಹೇಳುವ ಕಥೆಗಳು ಜನಸಾಮಾನ್ಯರವು, ಅವಕ್ಕೆ ಒಡೆಯರಿಲ್ಲ. ಕೊಳೆಯಲ್ಲಿ ಬಿದ್ದಿದ್ದನ್ನು ಎತ್ತಿ ತೊಳೆದು ಶಿಷ್ಟ ಭಾಷೆಯಲ್ಲಿ ಇಟ್ಟವನು ನಾನು. ಆದುದರಿಂದ ಅದರ ಸಂಪೂರ್ಣ ಹಕ್ಕು ನನ್ನದು.

ನನ್ನ ಪುಸ್ತಕವನ್ನು ಅನುಮತಿಯಿಲ್ಲದೆ ಇಡಿಯಾಗಿ ನಕಲು ಮಾಡಿದ್ದೀರಿ, ಬೇರೆ ಊರಿಗೆ ಕೊಟ್ಟಿದ್ದೀರಿ, ವ್ಯಾಪಾರಿಯೊಂದಿಗೆ ಮಾತುಕತೆ ನಡೆಸಿದ್ದೀರಿ. ಎಲ್ಲವೂ ನಿಮ್ಮ ಕೈಬರಹದಲ್ಲೇ ನನ್ನ ಬಳಿ ಇದೆ. ಒಂದು ತಿಂಗಳೊಳಗೆ ಎಲ್ಲ ಪ್ರತಿಗಳನ್ನು ಒಪ್ಪಿಸತಕ್ಕದ್ದು. ತಾಲೀಮಾತ್ ಕಚೇರಿಗೂ ಬರೆದಿದ್ದೇನೆ.

ಉಮಾಪತಿ, ವಕೀಲ


ಮಂಗಳೂರು
೨೮ ಜನವರಿ ೧೯೪೨

ಉಮಾಪತಿ ವಕೀಲರಿಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ನಾನು ಬರೆದದ್ದು ಖುಷಿ, ನೀವು ಓದಿದ್ದು ಬೆದರಿಕೆ. ಕದ್ದವನಿಗೆ ನಮಸ್ಕಾರವೂ ಪೊಲೀಸರ ಕೂಗಿನ ಹಾಗೆ ಕೇಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಸಾಹೇಬರು ಸಂಕ್ರಾಂತಿಯ ಮರುದಿನ ಬಂದರು. ಜೊತೆಗೆ ಚಪರಾಸಿ ಮೆಹಬೂಬಸಾಬ. ಮಕ್ಕಳು ಜಳಕ ಮಾಡಿ, ಎಣ್ಣೆ ಹಚ್ಚಿ, ತಮ್ಮ ತಮ್ಮ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದರು.

"ಕಿತಾಬ್ ಎಲ್ಲಿ?" ಎಂದರು ಸಾಹೇಬರು.

"ಇದ ರೀ ಪುಸ್ತಕ. ನಾ ನೋಡ್ಕೊಂಡು ಬರದೀನ್ರಿ" ಎಂದು ಫಕೀರಮ್ಮ ಎದ್ದು ತೋರಿಸಿದಳು.

ಸಾಹೇಬರು ಜೇಬಿನಿಂದ ನಿಮ್ಮ ಕಾಗದ ತೆಗೆದರು. "ಚೋರಿ ಕಾ ಮಾಲ್" ಎಂದರು. ಮೆಹಬೂಬಸಾಬ ಬಗ್ಗಿ, "ಇವು ಇಟ್ಕೋಬಾರದಂತವ್ವಾ, ಕೊಟ್ಟುಬಿಡು" ಎಂದ. ಕಳವು ಎಂಬ ಮಾತನ್ನು ಆ ಮುದುಕ ಬಾಯಿಗೆ ತರಲಿಲ್ಲ.

"ಯಾಕ್ರಿ ಅಜ್ಜಾ? ಇದು ನಂದ ಐತಲ್ರಿ. ನೋಡ್ರಿ, ವಕೀಲರ ಹೆಸರೂ ಮ್ಯಾಲ ಹಾಕೀನಿ."

ಆಗ ಸಾಹೇಬರೇ ಕನ್ನಡದಲ್ಲಿ ಕಿರಿಚಿದರು: "ಕಳವು! ಎಲ್ಲಾ ಕಳವು! ನೀನು ಕಳ್ಳಿ!"

ಪ್ರತಿಗಳನ್ನು ರಾಶಿ ಹಾಕಿ ಯಲಬುರ್ಗಾಕ್ಕೆ ಒಯ್ಯಲು ಹಗ್ಗ ಬಿಗಿಸಿದರು. ಆಮೇಲೆ ಎಣಿಸಿ ನೋಡಿ, "ಮಕ್ಕಳ ಕೈಯಲ್ಲಿ ಪುಸ್ತಕಗಳಿಲ್ಲ" ಎಂದು ಷರಾ ಬರೆದರು. ಪರವಾನಗಿ ಇಲ್ಲ. ಕೈಯಿಂದ ಕಿತ್ತುಕೊಂಡು, ಕೈ ಖಾಲಿ ಇದೆ ಎಂದು ಬರೆಯುವ ವಿದ್ಯೆಯನ್ನು ಯಾವ ಸಾಲೆಯಲ್ಲಿ ಕಲಿಸುತ್ತಾರೋ! ಥೂ.

ನಾನು ಕೊಪ್ಪಳಕ್ಕೆ ಹೋಗಿ ಕರಿಬಸಪ್ಪ ವಕೀಲರನ್ನು ಕಂಡೆ. ನಿಮ್ಮ ಕಾಗದ ಓದಿ ಅವರೆಂದರು: "ಓದಿಕೊಳ್ಳಾಕ ಬರ್ಕೊಂಡ್ರ ಕಳವು ಅಲ್ಲೋ ಆದೆಪ್ಪ. ಪುಸ್ತಕ ಅಚ್ಚಾದದ್ದು ಇಂಗ್ಲಿಷರ ಸರಕಾರದ ಊರಾಗ, ಅಲ್ಲಿ ಕಾನೂನಿನಾಗೂ ಓದೋರಿಗೆ ಅಷ್ಟು ಜಾಗಾ ಬಿಟ್ಟಾರ. ಅಚ್ಚು ಹಾಕಿ ಮಾರಿದ್ರ ಕಳವು. ಬರದಾಂವನ ಹೆಸರು ಮುಚ್ಚಿಟ್ರ ತಪ್ಪು."

"ಇಡೀ ಪುಸ್ತಕ ಬರ್ಕೊಂಡೀವಲ್ರಿ?" ಎಂದೆ. ಸುಳ್ಳು ಹೇಳಿ ನ್ಯಾಯ ಕೇಳುವ ಅಭ್ಯಾಸ ನನಗಿಲ್ಲ.

ಅವರು ತಲೆ ಕೆರೆದುಕೊಂಡರು. "ಎರಡು ಪಾಠ, ನಾಕು ಪಾಠ ಅಂದಿದ್ರ ಎದಿ ತಟ್ಟಿ ಹೇಳ್ತಿದ್ದೆ. ಇಡೀ ಪುಸ್ತಕ ಅಂದ್ರ ವಾದ ಮಾಡಬೇಕಾಗ್ತೈತಿ. ನಮ್ಮ ನಿಜಾಮ ಸರಕಾರದಾಗ ಆ ಕಾನೂನು ನಡೀತೈತೋ ಇಲ್ಲೋ ಅದೂ ವಾದ. ಕಾನೂನು ಬರದಾವ್ರು ಪುಸ್ತಕ ಕೊಳ್ಳೋ ಮಂದೀನ ಕಣ್ಣಮುಂದ ಇಟ್ಕೊಂಡು ಬರದಾರ. ನಿಮ್ಮ ಕೇರಿ ಅವರಿಗೆ ಕಂಡಿಲ್ಲ."

ಆ ಮಾತು ಒಪ್ಪಿಕೊಂಡೆ. ಇಡೀ ಪುಸ್ತಕ ಬರೆದುಕೊಂಡದ್ದು ಗಡಿ ದಾಟಿದ್ದಾದರೆ, ನೀವು "ಈ ನಾಲ್ಕು ಪಾಠ ಸಾಕು, ಉಳಿದದ್ದು ಬೇಡ" ಎಂದಿದ್ದರೆ ನಿಲ್ಲಿಸುತ್ತಿದ್ದೆ. ನಿಮ್ಮ ದುಡಿಮೆ ನಿಮ್ಮದು. ನೀವು ಜೋಡಿಸಿದ ವಾಕ್ಯ ನಿಮ್ಮದು. ಅಂದಪ್ಪನನ್ನು ಓಡಿಸಿದ್ದು ಅದಕ್ಕೇ. ಆದರೆ ನನ್ನವ್ವ ಹೇಳಿದಾಗ ಅದು ಯಾರದೂ ಅಲ್ಲ, ನೀವು ಬರೆದಾಗ ಸರ್ವವೂ ನಿಮ್ಮದು, ಅವಳ ಕೇರಿಯ ಮಗು ಬರೆದುಕೊಂಡಾಗ ಕಳವು. ಇದು ಎಂಥ ತಕ್ಕಡಿ ಸ್ವಾಮಿ? ಇದನ್ನು ಹಿಡಿದ ಕೈಯಲ್ಲೇ ಕನ್ನಡಾಂಬೆಗೆ ಆರತಿ ಎತ್ತುತ್ತೀರಲ್ಲ, ಹೇಸಿಗೆ ಬರುವುದಿಲ್ಲವೇ?

ನಿಮ್ಮ ಭಾಷಣ ಕೇಳಿ ಕೊಪ್ಪಳದಿಂದ ನಡೆದು ಬಂದ ದಾರಿಯನ್ನೆಲ್ಲ ವಾಂತಿ ಮಾಡಿಕೊಳ್ಳಬೇಕು ಅನ್ನಿಸುತ್ತದೆ.

ಆದೆಪ್ಪ


ಗಂಗಾವತಿ
೧೬ ಫೆಬ್ರವರಿ ೧೯೪೨

ಪ್ರಿಯ ಆದೆಪ್ಪ,

ಸಿಟ್ಟಿನಲ್ಲಿ ಬರೆದಿದ್ದೀಯ, ಮನಸ್ಸಿಗೆ ಹಚ್ಚಿಕೊಂಡಿಲ್ಲ. ಕರಿಬಸಪ್ಪನವರು ಸಿಕ್ಕಿದ್ದರು. ಈ ವಿಷಯವನ್ನು ಬರುವ ಕನ್ನಡ ಸಭೆಯಲ್ಲಿ ಎತ್ತುತ್ತೇನೆ ಎಂದು ನಗುತ್ತ ಹೇಳಿದರು. ಮನೆಯ ಮಾತನ್ನು ಬೀದಿಗೆ ತರುವುದೇಕೆ? ನಮ್ಮೊಳಗೆ ಒಡಕಿದೆ ಎಂದು ಕಂಡರೆ ಕನ್ನಡಕ್ಕೇ ನಷ್ಟ.

ನನ್ನದೊಂದು ಸಲಹೆ. ಪ್ರತಿ ಮಗುವಿಗೂ ಅಚ್ಚಾದ ಪುಸ್ತಕವನ್ನು ಉಚಿತವಾಗಿ ಕೊಡುತ್ತೇನೆ. ಯುಗಾದಿಯಂದು ನಿಮ್ಮ ಕೇರಿಯಲ್ಲೇ ಸಮಾರಂಭ ಮಾಡೋಣ, ಫೋಟೋದವನನ್ನು ಕರೆತರುತ್ತೇನೆ. ತಾಲೀಮಾತ್ ಕಚೇರಿಗೆ ನನ್ನ ದೂರು ವಾಪಸ್. ಪರವಾನಗಿಯ ಹೊಣೆಯೂ ನನ್ನದು.

ನೀನು ಮಾಡಬೇಕಾದದ್ದು ಇಷ್ಟೆ. ಹೆಸರು ಬಿಟ್ಟು ನಕಲು ಮಾಡಿದ್ದಕ್ಕೆ ಕ್ಷಮಾಪಣೆ, ಮತ್ತು "ಕೃತಜ್ಞ ಎಮ್ಮೆ ಕಥೆಯು ಉಮಾಪತಿಯವರ ಸ್ವಂತ ಕಲ್ಪನೆ, ನನ್ನ ತಾಯಿ ಅದನ್ನು ಪುಸ್ತಕದಿಂದಲೇ ಕೇಳಿ ತಿಳಿದದ್ದು" ಎಂದು ಎರಡು ಸಾಲು. ನನ್ನ ಪುಸ್ತಕ ಹೈದರಾಬಾದಿನಲ್ಲಿ ಮಂಜೂರಿಗೆ ಹೋಗಿದೆ, ಅಲ್ಲಿ ಯಾರೋ ಏನೋ ಕೇಳಿದ್ದಾರೆ. ಬೇರೆ ವಿಶೇಷವಿಲ್ಲ.

ಮಕ್ಕಳ ಭವಿಷ್ಯ ನಿನ್ನ ಕೈಯಲ್ಲಿದೆ. ಹಟ ಬೇಡ.

ಉಮಾಪತಿ


ಮಂಗಳೂರು
೧೧ ಮಾರ್ಚ್ ೧೯೪೨

ಉಮಾಪತಿಯವರಿಗೆ,

ನಿಮ್ಮ ಎರಡು ಸಾಲಿಗೆ ಸಹಿ ಹಾಕಲು ಕೂತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಸಾಲೆ ಉಳಿಯುತ್ತದೆಯಲ್ಲ ಎಂದುಕೊಂಡೆ. ಒಂದು ಕಥೆ ತಾನೆ, ಹೋಗಲಿ ಎಂದುಕೊಂಡೆ. ನನ್ನವ್ವನಿಗೆ ಓದಿ ಹೇಳಿದೆ.

"ಹಾಕೋ ಸಹಿ" ಎಂದಳು. "ಹುಡುಗ್ರು ಓದಲಿ. ಎಮ್ಮಿ ಬೇಕಾದ್ರ ಅವಂದ ಇದ್ದೀತು, ಹೆಂಗೂ ಅವರ ಮನಿದ ಎಮ್ಮಿ."

"ಅವರ ಮನೀದಂದ್ರ?"

"ಮತ್ತ ಯಾರದೋ? ಮರಳ್ಯಾಗ ಅವರ ಎಮ್ಮಿ ಕಾಯ್ತಿದ್ದೆ. ನೀ ಹೊಟ್ಯಾಗಿದ್ದಿ. ಬಿಸಿಲು ಹೆಂಗಿತ್ತಂದ್ರ ನಾಲಿಗಿ ಅಂಗುಳಕ್ಕ ಹತ್ತಿತ್ತು. ಬಾವಿ ಮ್ಯಾಲ ಇವರಪ್ಪ ನಿಂತಿದ್ದ, ಒಂದು ಬೊಗಸಿ ಹಾಕ್ರಿ ಅಂದ್ರ ಮಾರಿ ತಿರುವಿದ. ಎಮ್ಮಿ ಹತ್ತಿ ಬಂತು. ಬಾಲ ಹಿಂಡಿಕೊಂಡು ಕುಡದೆ. ಸಗಣಿ ವಾಸನಿ ಇನ್ನೂ ಬಾಯಾಗೈತಿ. ಹಂಗ ಹೇಳಿದ್ರ ನನಗ ಅಳು ಬರ್ತಿತ್ತು, ಕಥಿ ಮಾಡಿ ಹೇಳಿದ್ರ ಮಂದಿ ನಗ್ತಿದ್ರು. ಅದಕ್ಕ ಕಥಿ ಮಾಡ್ದೆ."

ಇಷ್ಟು ವರ್ಷ ಅದು ಕಥೆ ಎಂದೇ ನಾನು ತಿಳಿದಿದ್ದೆ. ಕೇರಿಯಲ್ಲಿ ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಆ ಎಂಜಲು ಬಾಲದ ನೀರಿನಲ್ಲಿ ಹೊಟ್ಟೆಯೊಳಗಿದ್ದ ನನ್ನ ಪಾಲೂ ಇತ್ತು.

ಬಣವಿಗೆ ಒರಗಿ ಕೇಳಿದ ಸಣ್ಣ ಧಣಿಗೆ ಆ ಬಾವಿ ಯಾವುದು, ಅಲ್ಲಿ ನಿಂತವರು ಯಾರು ಎಂಬುದು ಗೊತ್ತಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ಗೊತ್ತಿತ್ತೆಂದರೂ ಓಕರಿಕೆ, ಇಲ್ಲವೆಂದರೂ ಓಕರಿಕೆ. ಅಪ್ಪ ನೀರು ಕೊಡಲಿಲ್ಲ. ಮಗ ಬಾಯಾರಿಕೆಯನ್ನೂ ಬಿಡದೆ ಒಯ್ದು, ಅದಕ್ಕೆ ಕೃತಜ್ಞತೆ ಎಂದು ಹೆಸರಿಟ್ಟು, ಸರ್ವಹಕ್ಕುಗಳು ತನ್ನವು ಎಂದು ಅಚ್ಚು ಹಾಕಿಸಿದ.

ಹೆಸರು ಬಿಟ್ಟ ತಪ್ಪಿಗೆ ಕ್ಷಮಾಪಣೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದು ನಿಜವಾದ ತಪ್ಪು. ಎರಡನೆಯ ಸಾಲಿಗೆ ಸಹಿ ಇಲ್ಲ. ಅವ್ವ ಹಾಕು ಎಂದರೂ ಇಲ್ಲ. ಯುಗಾದಿಗೆ ಬರಬೇಡಿ. ಫೋಟೋದವನಿಗೂ ಹೇಳಿರಿ.

ಆದೆಪ್ಪ


ಗಂಗಾವತಿ
೮ ನವೆಂಬರ್ ೧೯೪೯

ಶ್ರೀಮಾನ್ ಆದೆಪ್ಪ ಮಾಸ್ತರರಿಗೆ ಅನಂತ ವಂದನೆಗಳು.

ತಾವು ಈಗ ಕುಷ್ಟಗಿಯ ಸರಕಾರಿ ಸಾಲೆಯಲ್ಲಿ ಅಧ್ಯಾಪಕರಾಗಿರುವುದು ತಿಳಿದು ಪರಮಾನಂದವಾಯಿತು. ನಿಜಾಮನ ಆಡಳಿತ ಹೋಯಿತು, ನಮ್ಮ ಕನಸು ನನಸಾಯಿತು. ಆ ಕತ್ತಲೆಯ ಕಾಲದಲ್ಲಿ ನಾವಿಬ್ಬರೂ ಸೇರಿ ಕನ್ನಡದ ಹಣತೆಯನ್ನು ಹೇಗೆ ಕಾಪಾಡಿದೆವು ಎಂಬುದನ್ನು ನೆನೆದಾಗ ಕಣ್ಣು ಒದ್ದೆಯಾಗುತ್ತದೆ.

ತಮ್ಮಿಂದ ಒಂದು ಉಪಕಾರವಾಗಬೇಕು. ಹೊಸ ಪಠ್ಯಪುಸ್ತಕ ಮಂಡಳಿಗೆ ಸದಸ್ಯರನ್ನು ಆರಿಸುತ್ತಿದ್ದಾರೆ. ಹಿಂದುಳಿದವರಲ್ಲಿ ಅಕ್ಷರ ಪ್ರಸಾರ ಮಾಡಿದ್ದಕ್ಕೆ ಪ್ರಮಾಣಪತ್ರ ಕೇಳಿದ್ದಾರೆ. "ಉಮಾಪತಿಯವರ ಪುಸ್ತಕದಿಂದ ಮಂಗಳೂರಿನ ಹರಿಜನ ಕೇರಿಯ ಮಕ್ಕಳು ಓದು ಬರಹ ಕಲಿತರು" ಎಂದು ತಾವು ಬರೆದುಕೊಟ್ಟರೆ ಸಾಕು. ಅದರಲ್ಲಿ ಸುಳ್ಳೇನೂ ಇಲ್ಲವಲ್ಲ?

ಹಳೆಯದನ್ನು ಇಬ್ಬರೂ ಮರೆಯೋಣ. ತಾಯಿಯವರು ಕ್ಷೇಮವೇ?

ತಮ್ಮ ಸ್ನೇಹಿತ,
ಉಮಾಪತಿ


ಕುಷ್ಟಗಿ
೨೨ ಡಿಸೆಂಬರ್ ೧೯೪೯

ಉಮಾಪತಿಯವರಿಗೆ,

ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು.

ಸುಳ್ಳೇನೂ ಇಲ್ಲ ಎಂದಿರಿ. ನಿಜ. ನಿಮ್ಮ ಪುಸ್ತಕದಿಂದ ಮಕ್ಕಳು ಓದು ಬರಹ ಕಲಿತರು, ನೀವು ಕಿತ್ತುಕೊಳ್ಳುವ ತನಕ. ಹಾಗಾಗಿ ಕಲಿತವರನ್ನೇ ಕೇಳಿ ಬರೆಯೋಣ ಎಂದುಕೊಂಡೆ. ಸಾಲೆ ಮುಚ್ಚಿದ ಮೇಲೆ ಎಲ್ಲರೂ ಚೆದುರಿಹೋದರು. ಫಕೀರಮ್ಮ ಎಲ್ಲಿದ್ದಾಳೆ ಎಂದು ವಿಚಾರಿಸಿದೆ. ನಿಮ್ಮ ಮರಳಿಯ ಗದ್ದೆಯಲ್ಲೇ ಇದ್ದಾಳೆ, ಕೊಯ್ಲಿಗೆ ಬಂದಿದ್ದಾಳೆ. ಹೋದ ರವಿವಾರ ಅಲ್ಲಿಗೆ ಹೋದೆ.

ಸಂಜೆ ಕೂಲಿ ಬಟವಾಡೆ ನಡೆದಿತ್ತು. ನಿಮ್ಮ ಗುಮಾಸ್ತ ಹಾಜರಿ ಪಟ್ಟಿ ಹಿಡಿದು ಕೂತಿದ್ದ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಹೆಬ್ಬೆರಳು ಒತ್ತಿ ಹೋಗುತ್ತಿದ್ದರು. ಕಂಕುಳಲ್ಲಿ ಕೂಸು ಹೊತ್ತು ಫಕೀರಮ್ಮ ಬಂದಳು. ಅವಳೂ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು.

ಹೊರಗೆ ಬಂದ ಮೇಲೆ ಕೇಳಿದೆ. "ಯಾಕವ್ವಾ, ಹೆಸರು ಬರೀಲಿಕ್ಕೆ ಮರತಿಯೇನು?"

"ಮರತಿಲ್ರಿ ಮಾಸ್ತರ. ಕೂಸಿಗೆ ಹಾಡಿ ಮಲಗಿಸೂ ಮುಂದ ಬೆರಳಿಲೆ ಅದರ ಬೆನ್ನ ಮ್ಯಾಲ ಬರೀತೀನಿ."

"ಮತ್ತ ಪಟ್ಟಿಯೊಳಗ ಹೆಬ್ಬಟ್ಟು ಯಾಕ?"

ಅವಳು ಗುಮಾಸ್ತನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಬರದ್ರ, ಎಲ್ಲಿ ಕಲ್ತಿ, ಏನು ನೋಡಿ ಬರದಿ ಅಂತ ಕೇಳ್ತಾರ್ರಿ. ಹೆಬ್ಬಟ್ಟಿಗೆ ಯಾರೂ ಏನೂ ಕೇಳೂದಿಲ್ಲ."

ಆ ಪಟ್ಟಿ ನಿಮ್ಮ ಮನೆಯಲ್ಲೇ ಇದೆ. ಮಂಡಳಿಯವರಿಗೆ ಅದನ್ನೇ ಕಳಿಸಿರಿ.

ಆದೆಪ್ಪ